ಗುಲಗಂಜಿ ತೂಕದ ಮದ್ದು

ಕೊಳ್ಳೇಗಾಲ, ಹನೂರು, ಯಳಂದೂರು ಎಂದು ಹೊರಗಿನವರ ಮುಂದೆ ಹೇಳಿ ನೋಡಿ. ಮೊದಲು ಬರುವ ಮಾತು ರೇಷ್ಮೆ, ಎರಡನೆಯದು ಮಾದಪ್ಪ, ಮೂರನೆಯದು ವೀರಪ್ಪನ್. ಆ ಮೂರನೆಯ ಹೆಸರಿನ ಜೊತೆಗೇ ಬಂದೂಕೂ ಬರುತ್ತದೆ. ಇನ್ನು ನಮ್ಮ ಹೆಸರು ಕೇಳಿದವರಾದರೆ ಮಾತು ನೇರವಾಗಿ ಟಿಪ್ಪುವಿನ ಕಡೆ ತಿರುಗಿ ಅವನ ರಾಕೆಟ್ಟುಗಳಲ್ಲಿ ನಿಲ್ಲುತ್ತದೆ. ಒಬ್ಬರು ಎದೆಯುಬ್ಬಿಸಿ ಹೊಗಳುತ್ತಾರೆ, ಇನ್ನೊಬ್ಬರು ಹಲ್ಲು ಕಡಿದು ಬೈಯುತ್ತಾರೆ. ಹೊಗಳುವವರೂ ಬೈಯುವವರೂ ಕೇಳದೆ ಬಿಟ್ಟ ಒಂದು ಸಣ್ಣ ಪ್ರಶ್ನೆಯಿದೆ. ಆ ಕೊಳವೆಯಲ್ಲಿ ಮದ್ದು ಎಷ್ಟಿತ್ತು? ಇವತ್ತು ಹಾರಿದ್ದು ನಾಳೆಯೂ ಅಷ್ಟೇ ವೇಗದಲ್ಲಿ ಹಾರುತ್ತಿತ್ತೆ?

ಪ್ರಶ್ನೆ ಸಣ್ಣದಾದರೂ ಇದರ ಬೆನ್ನು ಹತ್ತಿ ಹೋದರೆ ಇನ್ನೂರೈವತ್ತು ವರ್ಷಗಳ ಚರಿತ್ರೆ ಬಿಚ್ಚಿಕೊಳ್ಳುತ್ತದೆ. ರಾಜ್ಯಗಳು ಗೆದ್ದದ್ದು, ಸೋತದ್ದು, ಸಿಪಾಯಿಗಳು ದಂಗೆ ಎದ್ದದ್ದು, ಹುಲಿಗಳು ನರಭಕ್ಷಕಗಳಾದದ್ದು ಎಲ್ಲವೂ ಒಂದಲ್ಲ ಒಂದು ಕಡೆ ಇದೇ ಪ್ರಶ್ನೆಗೆ ತಗಲಿಕೊಂಡಿವೆ.

ಮೊದಲು ಶಬ್ದಗಳನ್ನೇ ನೋಡೋಣ. ನಾವು ಕನ್ನಡವೆಂದೇ ತಿಳಿದು ಆಡುವ ‘ಬಂದೂಕು’ ಅರಬ್ಬಿಯ ‘ಬುಂದುಕ್’ ಎಂಬ ಶಬ್ದದಿಂದ ಬಂದದ್ದು. ಅದರ ಮೂಲಾರ್ಥ ಗುಂಡಗಿರುವ ಒಂದು ಕಾಯಿ, ಆಮೇಲೆ ಗುಂಡು, ಕೊನೆಗೆ ಗುಂಡು ಹಾರಿಸುವ ಆಯುಧ. ‘ತೋಪು’ ತುರ್ಕಿಯದು. ಉರ್ದುವಿನ ‘ಬಾರೂದ್’ ಅರಬ್ಬಿಯಲ್ಲಿ ಮೊದಲು ಪೆಟ್ಲುಪ್ಪಿನ ಹೆಸರಾಗಿತ್ತು. ಹದಿಮೂರನೆಯ ಶತಮಾನದ ಅರಬ್ಬಿ ವೈದ್ಯರು ಅದೇ ಉಪ್ಪನ್ನು ‘ಚೀನಾದ ಹಿಮ’ ಎಂದೂ ಕರೆದರು. ಮದ್ದಿನ ವಿದ್ಯೆ ಯಾವ ದಿಕ್ಕಿನಿಂದ ಬಂತೆಂಬುದು ಆ ಹೆಸರಲ್ಲೇ ಇದೆ. ಆದರೆ ‘ಮದ್ದು’ ಮಾತ್ರ ನಮ್ಮದೇ. ರೋಗಕ್ಕೆ ಕೊಡುವುದೂ ಮದ್ದು, ನಳಿಗೆಗೆ ತುಂಬುವುದೂ ಮದ್ದು. ಎರಡರಲ್ಲೂ ಅಳತೆ ತಪ್ಪಿದರೆ ಜೀವಕ್ಕೆ ಅಪಾಯವೆಂಬ ತಿಳಿವಳಿಕೆ ಆ ಒಂದು ಶಬ್ದದಲ್ಲೇ ಅಡಗಿದೆ ಎನ್ನಿಸುತ್ತದೆ. ಇನ್ನೊಂದು ಶಬ್ದ ‘ಗಜ’. ಉರ್ದುವಿನಲ್ಲಿ ಬಟ್ಟೆ ಅಳೆಯುವ ಮಾಪಕ್ಕೂ ಗಜವೆಂದೇ ಹೆಸರು, ಬಂದೂಕಿನ ಮೂತಿಯಿಂದ ಮದ್ದು ಗಿಡಿಯುವ ಕೋಲಿಗೂ ಗಜವೆಂದೇ ಹೆಸರು. ಅಳೆಯುವ ಕೋಲು, ಗಿಡಿಯುವ ಕೋಲು ಎರಡಕ್ಕೂ ಒಂದೇ ಹೆಸರು!

ಮೂತಿಯಿಂದ ತುಂಬುವ ನಾಡ ಬಂದೂಕನ್ನು ಕಂಡವರಿಗೆ ಕೆಲಸದ ಕ್ರಮ ಗೊತ್ತು. ಮದ್ದು ಸುರಿಯಬೇಕು, ನಾರನ್ನೋ ಚಿಂದಿ ಬಟ್ಟೆಯನ್ನೋ ತುರುಕಿ ಗಿಡಿಯಬೇಕು, ಗುಂಡನ್ನೋ ಚರೆಯನ್ನೋ ಹಾಕಬೇಕು, ಮತ್ತೆ ಗಿಡಿಯಬೇಕು, ಕೇಪು ಇಟ್ಟು ಕುದುರೆ ಎಳೆಯಬೇಕು. ಈ ಪ್ರತಿಯೊಂದು ಹಂತದಲ್ಲೂ ಗುಂಡಿನ ವೇಗ ಏರುಪೇರಾಗಲು ಅವಕಾಶವಿದೆ. ಮದ್ದು ಒಂದು ಚಿಟಿಕೆ ಹೆಚ್ಚಾದರೆ ಒಂದು ವೇಗ, ಕಡಿಮೆಯಾದರೆ ಇನ್ನೊಂದು. ಗಿಡಿತ ಬಿಗಿಯಾದರೆ ಬೆಂಕಿ ಉರಿಯುವ ಬಗೆಯೇ ಬೇರೆ. ಮಳೆಗಾಲದಲ್ಲಿ ಮದ್ದು ತೇವ ಹೀರಿದ್ದರೆ ಗುಂಡು ಕೆಮ್ಮಿದಂತೆ ಹೊರಬೀಳುತ್ತದೆ. ನಳಿಗೆಗೂ ಗುಂಡಿಗೂ ನಡುವೆ ಸಂದು ಉಳಿದರೆ ಹೊಗೆಯ ಬಲ ಅರ್ಧ ಅಲ್ಲೇ ಸೋರಿಹೋಗುತ್ತದೆ. ಕೈ ಪಳಗಿದ ಬೇಟೆಗಾರ ಇದನ್ನೆಲ್ಲ ಪುಸ್ತಕ ಓದಿ ಕಲಿತವನಲ್ಲ. ಭುಜಕ್ಕೆ ಬಂದ ಒದೆತದಿಂದ, ಕಿವಿಗೆ ಬಂದ ಸದ್ದಿನಿಂದ ಕಲಿತವನು.

ಆದರೆ ಆ ತಿಳಿವಳಿಕೆ ಅವನ ಭುಜದಲ್ಲೇ ಉಳಿಯುತ್ತಿತ್ತು. ಅದನ್ನು ಸಂಖ್ಯೆಯಾಗಿ ಬರೆದಿಡುವುದು ಹೇಗೆ? ಕಣ್ಣಿಗೇ ಕಾಣದ ಗುಂಡಿನ ವೇಗವನ್ನು ಅಳೆಯುವುದಾದರೂ ಹೇಗೆ?

ಇದಕ್ಕೆ ಮೊದಲು ಸರಿಯಾದ ಉತ್ತರ ಕೊಟ್ಟವನು ಬೆಂಜಮಿನ್ ರಾಬಿನ್ಸ್ ಎಂಬ ಇಂಗ್ಲಿಷ್ ಗಣಿತಜ್ಞ. 1707ರಲ್ಲಿ ಬಾತ್ ಎಂಬ ಊರಿನಲ್ಲಿ ಹುಟ್ಟಿದ ಈತ 1742ರಲ್ಲಿ ಗುಂಡು ಹಾರಿಸುವ ಶಾಸ್ತ್ರದ ಹೊಸ ತತ್ವಗಳನ್ನು ಕುರಿತು ಒಂದು ಪುಸ್ತಕ ಪ್ರಕಟಿಸಿದ. ಅವನ ಉಪಾಯ ಬಹಳ ಸರಳವಾದದ್ದು. ಭಾರವಾದ ಮರದ ದಿಮ್ಮಿಯೊಂದನ್ನು ಉಯ್ಯಾಲೆಯಂತೆ ತೂಗುಹಾಕಿ ಅದಕ್ಕೆ ಗುಂಡು ಹೊಡೆಯುವುದು. ಗುಂಡು ಒಳಗೆ ಸಿಕ್ಕಿಕೊಂಡು ದಿಮ್ಮಿ ಹಿಂದಕ್ಕೆ ತೂಗುತ್ತದೆ. ಎಷ್ಟು ದೂರ ತೂಗಿತೆಂಬುದನ್ನು ದಿಮ್ಮಿಗೆ ಕಟ್ಟಿದ ರಿಬ್ಬನ್ ತೋರಿಸುತ್ತದೆ. ಗುಂಡಿಗಿಂತ ದಿಮ್ಮಿ ಸಾವಿರ ಪಾಲು ಭಾರವಾಗಿದ್ದರೆ ಅದು ಗುಂಡಿನ ವೇಗದ ಹೆಚ್ಚುಕಡಿಮೆ ಸಾವಿರದಲ್ಲಿ ಒಂದು ಪಾಲು ವೇಗದಲ್ಲಿ ಚಲಿಸುತ್ತದೆ. ಸೆಕೆಂಡಿಗೆ 500 ಮೀಟರ್ ಹೋಗುವ ಗುಂಡು ಕಣ್ಣಿಗೆ ಕಾಣದು. ಆದರೆ ಸೆಕೆಂಡಿಗೆ ಅರ್ಧ ಮೀಟರ್ ತೂಗುವ ದಿಮ್ಮಿಯನ್ನು ಮಗುವೂ ಕಾಣಬಲ್ಲದು. ಈ ಉಯ್ಯಾಲೆಯಿಂದ ರಾಬಿನ್ಸ್ ಕಂಡುಕೊಂಡ ಪ್ರಕಾರ ಆ ಕಾಲದ ಬಂದೂಕಿನ ಗುಂಡು ಸೆಕೆಂಡಿಗೆ ಸುಮಾರು 1,600ರಿಂದ 1,700 ಅಡಿ ವೇಗದಲ್ಲಿ ಹೊರಡುತ್ತಿತ್ತು. ಹೆಸರಾಂತ ಗಣಿತಜ್ಞ ಆಯ್ಲರ್ 1745ರಲ್ಲಿ ಈ ಪುಸ್ತಕವನ್ನು ಜರ್ಮನ್ ಭಾಷೆಗೆ ತಂದ.

ಈ ರಾಬಿನ್ಸನ ಕೊನೆಯ ದಿನಗಳು ಕಳೆದದ್ದು ನಮ್ಮ ನೆರೆಯಲ್ಲೇ ಎಂಬುದು ಹೆಚ್ಚಿನವರಿಗೆ ತಿಳಿಯದು. ಈಸ್ಟ್ ಇಂಡಿಯಾ ಕಂಪನಿ ತನ್ನ ಕೋಟೆಗಳನ್ನು ಗಟ್ಟಿ ಮಾಡಿಸಲು ಅವನನ್ನು ಮುಖ್ಯ ಇಂಜಿನಿಯರಾಗಿ ಕರೆಸಿಕೊಂಡಿತ್ತು. ಇಲ್ಲಿಯ ಹವೆ ಒಗ್ಗದೆ 1751ರ ಜುಲೈಯಲ್ಲಿ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ಆತ ತೀರಿಕೊಂಡ. ಟಿಪ್ಪು ದೇವನಹಳ್ಳಿಯಲ್ಲಿ ಹುಟ್ಟಿದ್ದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಗುಂಡಿನ ವೇಗ ಅಳೆಯುವ ಗಣಿತ ತಮಿಳು ಕರಾವಳಿಯಲ್ಲಿ ಕಣ್ಣು ಮುಚ್ಚಿತು. ಗುಂಡನ್ನೂ ಮೀರಿಸುವ ಬಾಣಗಳನ್ನು ಹಾರಿಸಲಿದ್ದವನು ಘಟ್ಟದ ಮೇಲೆ ಕಣ್ಣು ತೆರೆದ. ಇವೆರಡೂ ಒಂದನ್ನೊಂದು ಭೇಟಿಯಾಗಲಿಲ್ಲ. ನಮ್ಮ ಕಥೆಯ ಗಂಟು ಇರುವುದು ಇಲ್ಲಿಯೇ.

ಹೈದರ್ ಮತ್ತು ಟಿಪ್ಪುವಿನ ಬಾಣಗಳ ಹೆಚ್ಚುಗಾರಿಕೆ ಇದ್ದದ್ದು ಕಬ್ಬಿಣದಲ್ಲಿ. ಬೇರೆ ಕಡೆ ಕಾಗದದ, ಬಿದಿರಿನ ಕೊಳವೆ ಬಳಸುತ್ತಿದ್ದಾಗ ಮೈಸೂರಿನ ಕಮ್ಮಾರರು ಕಬ್ಬಿಣದ ಕೊಳವೆ ಮಾಡಿದರು. ಕಬ್ಬಿಣ ಹೆಚ್ಚು ಒತ್ತಡ ತಡೆಯುತ್ತದೆ, ಆದ್ದರಿಂದ ಒಳಗೆ ಮದ್ದನ್ನು ಹೆಚ್ಚು ಬಿಗಿಯಾಗಿ ತುಂಬಬಹುದು, ಬಾಣ ಹೆಚ್ಚು ದೂರ ಹೋಗುತ್ತದೆ. ಲಂಡನ್ನಿನ ವೂಲ್‌ವಿಚ್‌ನ ಸಂಗ್ರಹಾಲಯಕ್ಕೆ ಸೇರಿದ ಎರಡು ಬಾಣಗಳ ವಿವರವನ್ನು ನಮ್ಮ ವಿಜ್ಞಾನಿ ರೊದ್ದಂ ನರಸಿಂಹ ಅವರು 1985ರಲ್ಲಿ ಬರೆದ ಅಧ್ಯಯನದಲ್ಲಿ ಕೊಟ್ಟಿದ್ದಾರೆ. ಒಂದು ಸುಮಾರು 5.8 ಸೆಂಟಿಮೀಟರ್ ದಪ್ಪ, 25 ಸೆಂಟಿಮೀಟರ್ ಉದ್ದ, ಅದಕ್ಕೆ ತೊಗಲಿನ ಪಟ್ಟಿಯಿಂದ ಕಟ್ಟಿದ ಒಂದು ಮೀಟರ್ ಉದ್ದದ ಕತ್ತಿಯ ಅಲಗು. ಇನ್ನೊಂದು ಸುಮಾರು 3.7 ಸೆಂಟಿಮೀಟರ್ ದಪ್ಪ, 20 ಸೆಂಟಿಮೀಟರ್ ಉದ್ದ, ಅದಕ್ಕೆ 1.9 ಮೀಟರಿನ ಬಿದಿರು. ಶಿವಮೊಗ್ಗ ಜಿಲ್ಲೆಯ ನಗರದಲ್ಲಿ, ಅಂದರೆ ಹಳೆಯ ಬಿದನೂರಿನಲ್ಲಿ, 2018ರಲ್ಲಿ ಹಾಳು ಬಾವಿಯೊಂದರಿಂದ ಇಂಥ ಸಾವಿರಕ್ಕೂ ಹೆಚ್ಚು ಕೊಳವೆಗಳನ್ನು ಪುರಾತತ್ವ ಇಲಾಖೆ ಹೊರತೆಗೆಯಿತು.

ಈ ಬಾಣಗಳ ಕೀರ್ತಿಯೂ ಕೊರತೆಯೂ ಒಟ್ಟಿಗೇ ದಾಖಲಾಗಿವೆ. 1780ರ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಕರ್ನಲ್ ಬೇಲಿಯ ಪಡೆಯ ಮದ್ದಿನ ಬಂಡಿಗಳು ಸ್ಫೋಟಿಸಿ ಕಂಪನಿ ಹೀನಾಯವಾಗಿ ಸೋತಿತು. ಶ್ರೀರಂಗಪಟ್ಟಣದ ದರಿಯಾ ದೌಲತ್‌ನ ಗೋಡೆಯ ಮೇಲೆ ಇಂದಿಗೂ ಆ ಚಿತ್ರವಿದೆ. ಬಂಡಿಗೆ ತಗಲಿದ್ದು ಬಾಣವೋ ತೋಪಿನ ಗುಂಡೋ ಎಂಬ ಬಗ್ಗೆ ಚರಿತ್ರೆಕಾರರಲ್ಲಿ ಒಮ್ಮತವಿಲ್ಲ. 1799ರ ಏಪ್ರಿಲ್ 5ರ ರಾತ್ರಿ ಸುಲ್ತಾನ್‌ಪೇಟೆಯ ತೋಪಿನಲ್ಲಿ ಆರ್ಥರ್ ವೆಲ್ಲೆಸ್ಲಿಯ ಪಡೆ ಬಾಣ ಮತ್ತು ಗುಂಡಿನ ಮಳೆಗೆ ಸಿಕ್ಕು ದಿಕ್ಕು ತಪ್ಪಿತು. ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು ಇವನೇ. ಆದರೆ ಬಾಣ ಎಲ್ಲಿಗೆ ಬೀಳುತ್ತದೆಂದು ಹಾರಿಸಿದವನಿಗೂ ಖಾತ್ರಿಯಿರಲಿಲ್ಲ. ಒಂದು ಕೊಳವೆ ಇನ್ನೊಂದರಂತೆ ಇರಲಿಲ್ಲ, ಒಂದು ಬಿದಿರು ಇನ್ನೊಂದರ ತೂಕದ್ದಲ್ಲ, ಗಿಡಿತ ಕೈಯಿಂದ ಕೈಗೆ ಬೇರೆ. ಗುಂಪಿನ ಮೇಲೆ, ಕುದುರೆಗಳ ನಡುವೆ ಬಿದ್ದಾಗ ಭಯಂಕರವಾಗಿದ್ದ ಬಾಣ ಒಂದು ನಿರ್ದಿಷ್ಟ ಗುರಿಯ ಮುಂದೆ ಸೋಲುತ್ತಿತ್ತು.

ಹಾಗೆಂದು ಮೈಸೂರಿನವರಿಗೆ ಅಳತೆಯ ಪ್ರಜ್ಞೆಯೇ ಇರಲಿಲ್ಲವೆಂದಲ್ಲ. ಟಿಪ್ಪುವಿನ ಆಜ್ಞೆಯ ಮೇರೆಗೆ ಜೈನುಲ್ ಆಬಿದೀನ್ ಶೂಸ್ತರಿ ಪಾರ್ಸಿಯಲ್ಲಿ ಬರೆದ ‘ಫತ್‌ಹುಲ್ ಮುಜಾಹಿದೀನ್’ ಎಂಬ ಸೈನ್ಯದ ಕೈಪಿಡಿ ಒಂದೊಂದು ಕುಶೂನಿಗೆ 200 ಬಾಣದವರನ್ನು ಗೊತ್ತುಪಡಿಸುತ್ತದೆ. ಕೊಳವೆಯ ದಪ್ಪ ಮತ್ತು ಗುರಿಯ ದೂರ ನೋಡಿ ಓರೆ ಹಿಡಿಯುವುದನ್ನು ಈ ಬಾಣದವರಿಗೆ ಕಲಿಸಲಾಗುತ್ತಿತ್ತು. ತೂಕ, ಅಳತೆ, ಪಂಚಾಂಗಗಳನ್ನೆಲ್ಲ ಹೊಸದಾಗಿ ಕಟ್ಟಲು ಹೊರಟ ದೊರೆ ಅವನು. ಶ್ರೀರಂಗಪಟ್ಟಣದ ಮದ್ದಿನ ಮನೆಗಳನ್ನು ನೋಡಿದರೂ ಇದು ಅರ್ಥವಾಗುತ್ತದೆ. ದಪ್ಪ ಗೋಡೆ, ತಂಪು ಒಳಾಂಗಣ. ಮದ್ದಿಗೆ ಬೆಂಕಿಯಷ್ಟೇ ಶತ್ರು ತೇವ. ಇಂದು ತುಂಬಿದ್ದೂ ಆರು ತಿಂಗಳು ಕಳೆದು ತುಂಬಿದ್ದೂ ಒಂದೇ ಬಗೆಯಲ್ಲಿ ಉರಿಯಬೇಕಾದರೆ ಎರಡೂ ಒಂದೇ ಹದದಲ್ಲಿ ಒಣಗಿರಬೇಕು. ಅಂಥ ಒಂದು ಮದ್ದಿನ ಮನೆ ಬೆಂಗಳೂರು–ಮೈಸೂರು ಜೋಡಿ ರೈಲು ಹಳಿಗೆ ಅಡ್ಡಬಂದಾಗ 2017ರಲ್ಲಿ ಅದನ್ನು ಕೆಡವದೆ, ಇಡಿಯಾಗಿ ಎತ್ತಿ ನೂರು ಮೀಟರಿಗೂ ಹೆಚ್ಚು ದೂರ ಸರಿಸಿ ಕೂರಿಸಿದರು. ನೋಡಿ ಸಂತೋಷಪಡಬೇಕಾದ ಕೆಲಸ.

1799ರ ಮೇ 2ರಂದು ಕೋಟೆಯೊಳಗಿನ ಬಾಣಗಳ ದಾಸ್ತಾನಿಗೆ ಬ್ರಿಟಿಷರ ಗುಂಡು ಬಿದ್ದು ಭಾರೀ ಸ್ಫೋಟವಾಯಿತು. ಎರಡು ದಿನಗಳ ನಂತರ ಕೋಟೆ ಬಿತ್ತು, ಟಿಪ್ಪು ಮಡಿದ. ಆ ಏಪ್ರಿಲ್‌ನಲ್ಲೇ ಮುತ್ತಿಗೆ ಹಾಕಿದ ಸೈನ್ಯಕ್ಕೆ ದವಸಧಾನ್ಯ ತರಲು ಜನರಲ್ ಫ್ಲಾಯ್ಡ್ ಹೊರಟದ್ದು ಕಾವೇರಿಪುರದ ಕಣಿವೆಯ ಕಡೆಗೆ, ಅಂದರೆ ನಮ್ಮ ಕೊಳ್ಳೇಗಾಲ ಸೀಮೆಯ ದಾರಿಗೆ. ಮಾರನೆಯ ವರ್ಷ ಫ್ರಾನ್ಸಿಸ್ ಬುಕಾನನ್ ಸತ್ತೇಗಾಲ, ಹನೂರುಗಳ ಮೇಲೆ ಹಾದು ಬೆಳೆ, ಕಸುಬುಗಳ ಟಿಪ್ಪಣಿ ಬರೆದುಕೊಳ್ಳುತ್ತ ಹೋದದ್ದೂ ಇದೇ ದಾರಿಯಲ್ಲಿ. ಗೆದ್ದವರು ಬರೆದಿಟ್ಟುಕೊಳ್ಳುವುದನ್ನು ಒಂದು ದಿನವೂ ಬಿಡಲಿಲ್ಲ.

ರಾಜ್ಯ ಹಂಚಿಹೋಯಿತು. ಹನೂರೂ ಸೇರಿದಂತೆ ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಯ ಭಾಗವಾಗಿ ಮದರಾಸಿನ ಕಂಪನಿ ಆಡಳಿತಕ್ಕೆ ಹೋಯಿತು, 1956ರ ನವೆಂಬರ್ 1ರವರೆಗೂ ಅಲ್ಲಿಯೇ ಉಳಿಯಿತು. ಯಳಂದೂರು ಮೈಸೂರಿನಲ್ಲೇ ಉಳಿದು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಯಿತು. ಹೈದರನ ಕಾಲದಿಂದ ಲೆಕ್ಕಪತ್ರ ನೋಡುತ್ತ ಬಂದು, ಟಿಪ್ಪುವಿನ ಖಜಾನೆ ಕಾದು, ಟಿಪ್ಪು ಸತ್ತ ಮೇಲೆ ಅದೇ ರಾಜ್ಯವನ್ನು ಒಡೆಯರ ಪರವಾಗಿ ನಡೆಸಿದ ಪೂರ್ಣಯ್ಯ ಒಬ್ಬ ಬ್ರಾಹ್ಮಣರು. ಸುಲ್ತಾನನ ಸೈನ್ಯಕ್ಕೆ ಹಣ ಒದಗಿಸುತ್ತಿದ್ದ ಲೆಕ್ಕಣಿಕೆಯನ್ನು ಹಿಡಿದದ್ದು ಅವರ ಕೈ. ಇಂದು ಟಿಪ್ಪುವನ್ನು ಒಂದು ಮತದ ಪಾಲಿಗೆ ಮಾತ್ರ ಬರೆದುಕೊಡಲು ಹೊರಟಿರುವ ಎರಡೂ ಕಡೆಯವರು ಯಳಂದೂರಿನ ಮೇಲೆ ಒಮ್ಮೆ ಹಾದುಹೋಗುವುದು ಒಳ್ಳೆಯದು.

ಶ್ರೀರಂಗಪಟ್ಟಣದ ಬಾಣಗಳು ಹಡಗೇರಿ ಇಂಗ್ಲೆಂಡಿಗೆ ಹೋದವು. ಅಲ್ಲಿ ಅವು ರಾಬಿನ್ಸನ ಗಣಿತವನ್ನು ಭೇಟಿಯಾದವು. ವಿಲಿಯಂ ಕಾಂಗ್ರೀವ್ 1804ರಿಂದ ಪ್ರಯೋಗ ಆರಂಭಿಸಿ, ಕೊಳವೆಗಳನ್ನು ಒಂದೇ ಅಳತೆಗೆ ತಂದು, ಮದ್ದನ್ನು ಒಂದೇ ಬಿಗಿಗೆ ಗಿಡಿಸಿ, ಒಂದೊಂದು ತೂಕದ ಬಾಣ ಎಷ್ಟು ದೂರ ಹೋಗುತ್ತದೆಂದು ಪಟ್ಟಿ ಬರೆದ. 1806ರಲ್ಲಿ ಬುಲೋನ್ ಮೇಲೆ, 1807ರಲ್ಲಿ ಕೋಪನ್‌ಹೇಗನ್ ಮೇಲೆ ಅವು ಬಿದ್ದವು. ಅದಕ್ಕೂ ಮೊದಲೇ, 1780ರ ದಶಕದಲ್ಲಿ, ರಿಚರ್ಡ್ ವಾಟ್ಸನ್ ಎಂಬ ಬಿಷಪ್ ಮದ್ದಿನ ಇದ್ದಿಲನ್ನು ಬಯಲು ಗುಂಡಿಯಲ್ಲಿ ಸುಡದೆ ಮುಚ್ಚಿದ ಕಬ್ಬಿಣದ ಉರುಳೆಯಲ್ಲಿ ಸುಡಲು ಸಲಹೆ ಕೊಟ್ಟಿದ್ದ. ಅದರಿಂದ ಇದ್ದಿಲು ಒಂದೇ ಹದಕ್ಕೆ ಬಂತು, ಮದ್ದಿನ ಶಕ್ತಿಯೂ ಏರಿತು. ಆ ಮದ್ದಿಗೆ ಬೇಕಾದ ಪೆಟ್ಲುಪ್ಪು ಮಾತ್ರ ಹೋಗುತ್ತಿದ್ದದ್ದು ನಮ್ಮ ಬಿಹಾರದಿಂದ. ಬಾಣವೂ ನಮ್ಮದು, ಉಪ್ಪೂ ನಮ್ಮದು, ತಕ್ಕಡಿ ಮಾತ್ರ ಅವರದು.

ರೊದ್ದಂ ನರಸಿಂಹ ಅವರ ಅಧ್ಯಯನ ಕಾಣಿಸುವುದೂ ಇದನ್ನೇ. ಮೈಸೂರಿನಲ್ಲಿ ಕೈಚಳಕಕ್ಕೆ ಕೊರತೆಯಿರಲಿಲ್ಲ. ಆ ಕೈಯ ತಿಳಿವಳಿಕೆಯನ್ನು ಪರೀಕ್ಷಿಸಿ, ಬರೆದು, ಇನ್ನೊಬ್ಬರಿಗೆ ದಾಟಿಸುವ ವ್ಯವಸ್ಥೆ ಇರಲಿಲ್ಲ. ಕಮ್ಮಾರ ಸತ್ತರೆ ಅವನ ಹದ ಅವನ ಜೊತೆಗೇ ಮಣ್ಣಾಗುತ್ತಿತ್ತು. ತಂದೆ ಮಗನಿಗೆ ಹೇಳಿಕೊಟ್ಟದ್ದು ಪಕ್ಕದ ಕೇರಿಗೆ ದಾಟುತ್ತಿರಲಿಲ್ಲ. ಇದಕ್ಕೆ ಟಿಪ್ಪುವನ್ನು ದೂರಿ ಪ್ರಯೋಜನವಿಲ್ಲ. ಕಮ್ಮಾರನನ್ನು, ಗರಡಿಯವನನ್ನು, ಮದ್ದಿನವನನ್ನು ಅಕ್ಷರದ ಅಂಗಳದಿಂದ ಹೊರಗಿಟ್ಟ ಸಮಾಜ ಟಿಪ್ಪುವಿಗಿಂತ ಬಹಳ ಹಳೆಯದು.

ಇತ್ತ ಬ್ರಿಟಿಷರ ಪಡೆಯಲ್ಲೂ ಸಮಸ್ಯೆ ಮುಗಿದಿರಲಿಲ್ಲ. ಆ ಕಾಲದ ಸಿಪಾಯಿಗೆ ಮದ್ದು ಮತ್ತು ಗುಂಡನ್ನು ಕಾಗದದಲ್ಲಿ ಸುತ್ತಿ ತೋಟಾ ಮಾಡಿ ಕೊಡುತ್ತಿದ್ದರು. ಕಾರ್ಖಾನೆಯಲ್ಲಿ ಅಳೆದ ಮದ್ದು, ಸರಿ. ಆದರೆ ಸಿಪಾಯಿ ಅದನ್ನು ಹಲ್ಲಿನಿಂದ ಕಚ್ಚಿ ಹರಿದು, ಒಂದಿಷ್ಟನ್ನು ಕಿಡಿಯ ಬಟ್ಟಲಿಗೆ ಹಾಕಿ, ಉಳಿದದ್ದನ್ನು ನಳಿಗೆಗೆ ಸುರಿಯಬೇಕಿತ್ತು. ಗಡಿಬಿಡಿಯಲ್ಲಿ ಬಟ್ಟಲಿಗೆ ಎಷ್ಟು ಬಿತ್ತು, ನೆಲಕ್ಕೆ ಎಷ್ಟು ಬಿತ್ತು, ನಳಿಗೆಗೆ ಎಷ್ಟು ಉಳಿಯಿತು ಎಂಬುದು ಆ ಅಲ್ಲಾಹನಿಗೇ ಗೊತ್ತು! ಕೇಪು ಬಂದ ಮೇಲೆ ಬಟ್ಟಲಿನ ತಾಪತ್ರಯ ತಪ್ಪಿತು. 1853ರ ಮಾದರಿಯ ಎನ್‌ಫೀಲ್ಡ್ ಬಂದೂಕಿನಲ್ಲಿ ನಳಿಗೆಯ ಒಳಗೆ ಸುರುಳಿ ಗೆರೆ ಬಂತು. ಗುಂಡು ಬುಡದಲ್ಲಿ ಅರಳಿ ನಳಿಗೆಗೆ ಅಂಟಿಕೊಂಡು ಸಂದಿಲ್ಲದೆ ಹೊರಡುವಂತಾಯಿತು. ಪ್ರತಿ ತೋಟಾದಲ್ಲೂ ಸುಮಾರು 4.4 ಗ್ರಾಂ ಮದ್ದು. ವೇಗ ಮೊದಲಿಗಿಂತ ಎಷ್ಟೋ ಸಮನಾಯಿತು. ಗುಂಡು ಸಲೀಸಾಗಿ ಇಳಿಯಲಿ ಎಂದು ಕಾಗದಕ್ಕೆ ಕೊಬ್ಬು ಸವರಿದರು.

ಮುಂದಿನದು ಎಲ್ಲರಿಗೂ ಗೊತ್ತು. 1857ರ ಜನವರಿಯಲ್ಲಿ ದಂದಂನಲ್ಲಿ ಸುದ್ದಿ ಹಬ್ಬಿತು. ಕೊಬ್ಬು ದನದ್ದೋ ಹಂದಿಯದೋ? ಹಿಂದೂ ಸಿಪಾಯಿಯೂ ಮುಸ್ಲಿಂ ಸಿಪಾಯಿಯೂ ಒಟ್ಟಿಗೆ ಬಾಯಿ ಬಿಗಿಹಿಡಿದರು. ಕೈಯಿಂದ ಹರಿಯಿರಿ, ನಿಮ್ಮದೇ ಎಣ್ಣೆ ಸವರಿಕೊಳ್ಳಿ ಎಂದು ಅಧಿಕಾರಿಗಳು ಹೇಳುವ ಹೊತ್ತಿಗೆ ನಂಬಿಕೆ ಹೋಗಿಯಾಗಿತ್ತು. ದಂಗೆಗೆ ಕಾರಣಗಳು ನೂರಿವೆ, ತೋಟಾ ಕೇವಲ ಕಿಡಿ. ಆದರೂ ಇದರಲ್ಲಿ ಒಂದು ಪಾಠವಿದೆ. ಮದ್ದನ್ನು ಗುಲಗಂಜಿ ತೂಕದಷ್ಟೂ ತಪ್ಪದೆ ಅಳೆದವರು ಅದನ್ನು ಕಚ್ಚಬೇಕಾದ ಮನುಷ್ಯನ ಮನಸ್ಸನ್ನು ಅಳೆಯಲಿಲ್ಲ.

ದಂಗೆಯ ನಂತರ ಬಂದದ್ದು ಕಾನೂನು. 1878ರಲ್ಲಿ ವೈಸರಾಯ್ ಲಿಟ್ಟನ್‌ನ ಕಾಲದ ಶಸ್ತ್ರ ಕಾಯಿದೆ ಭಾರತೀಯರು ಪರವಾನಗಿಯಿಲ್ಲದೆ ಬಂದೂಕು ಇಡುವಂತಿಲ್ಲವೆಂದಿತು, ಯುರೋಪಿಯನ್ನರಿಗೆ ವಿನಾಯಿತಿ ಕೊಟ್ಟಿತು. ನೇರ ಬ್ರಿಟಿಷ್ ಆಳ್ವಿಕೆಯಲ್ಲಿದ್ದ ಕೊಳ್ಳೇಗಾಲದ ರೈತನಿಗೆ ಹಂದಿ ಕಾಯುವ ಬಂದೂಕಿಗೂ ಕಾಗದ ಬೇಕಾಯಿತು. ಅದೇ ಹೊತ್ತಿಗೆ ಬಿಳಿಗಿರಿರಂಗನ ಬೆಟ್ಟದ ಸುತ್ತ ಬಿಳಿಯ ಬೇಟೆಗಾರರ ಶಿಬಿರಗಳು ಎದ್ದವು. 1873–74ರಲ್ಲಿ ಚಾಮರಾಜನಗರದ ಬಳಿ ಖೆಡ್ಡಾ ನಡೆಸಿದ ಸ್ಯಾಂಡರ್ಸನ್ ತನ್ನ ಅನುಭವಗಳನ್ನು 1878ರಲ್ಲಿ, ಅಂದರೆ ಕಾಯಿದೆ ಬಂದ ವರ್ಷವೇ, ಪುಸ್ತಕವಾಗಿಸಿದ. ಹಿತ್ತಾಳೆಯ ತೋಟಾ ಬಂದ ಮೇಲೆ ಹೊಸದೊಂದು ರೂಢಿ ಹುಟ್ಟಿತು. ಹಾರಿಸಿದ ಖಾಲಿ ತೋಟಾವನ್ನು ಎಸೆಯದೆ, ಹೊಸ ಕೇಪು ಕೂರಿಸಿ, ಮದ್ದು ಅಳೆದು, ಗುಂಡು ಒತ್ತಿ ಮತ್ತೆ ಬಳಸುವುದು. ಪೇಟೆ ದೂರವಿದ್ದ ಕಾಡಿನ ಶಿಬಿರಗಳಲ್ಲಿ ಇದು ಅನಿವಾರ್ಯವೂ ಆಗಿತ್ತು. ಇಂದು ಅಮೆರಿಕ, ಯುರೋಪುಗಳಲ್ಲಿ ಗುರಿಕಾರರು ಹವ್ಯಾಸವಾಗಿ ಮಾಡುವ ಕೈ ತುಂಬಣಿಯ ಮೂಲ ಇಂಥಲ್ಲಿದೆ.

ಹೊಗೆಯಿಲ್ಲದ ಮದ್ದು ಬಂದಾಗ ಆಟದ ನಿಯಮವೇ ಬದಲಾಯಿತು. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಯ್ ಅದನ್ನು ತಯಾರಿಸಿದ, 1889ರಲ್ಲಿ ಬ್ರಿಟಿಷರು ಕಾರ್ಡೈಟ್ ಮಾಡಿದರು. ಕಾರ್ಡೈಟ್ ಎಂದರೆ ಪುಡಿಯಲ್ಲ, ಶ್ಯಾವಿಗೆಯಂತೆ ಒತ್ತಿ ತೆಗೆದ ಎಳೆ. ಎಳೆಯ ದಪ್ಪ ಒಂದೇ ಸಮನಾಗಿದ್ದರೆ ಉರಿಯುವ ವೇಗವೂ ಒಂದೇ ಸಮ. ಕೊಳ್ಳೇಗಾಲದ ರೇಷ್ಮೆ ನೇಕಾರನಿಗೆ ಇದನ್ನು ವಿವರಿಸಬೇಕಿಲ್ಲ. ಎಳೆ ಒಂದು ಕಡೆ ದಪ್ಪ, ಒಂದು ಕಡೆ ತೆಳುವಾದರೆ ಸೀರೆಯ ಗತಿಯೇನು ಎಂಬುದು ಅವನಿಗೆ ಗೊತ್ತು. ನಮ್ಮ ಬೆಟ್ಟಗಳಿಂದಾಚೆ ನೀಲಗಿರಿಯ ಅರುವಂಕಾಡಿನಲ್ಲಿ 1903ರಲ್ಲಿ ಕಾರ್ಡೈಟ್ ಕಾರ್ಖಾನೆ ಶುರುವಾಯಿತು, ಇಂದಿಗೂ ನಡೆಯುತ್ತಿದೆ. ಈ ಮದ್ದಿಗೂ ಒಂದು ದೌರ್ಬಲ್ಯವಿತ್ತು. ಇಂಗ್ಲೆಂಡಿನ ಚಳಿಯಲ್ಲಿ ಹದವಾಗಿದ್ದ ತೋಟಾ ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಹೆಚ್ಚು ಒತ್ತಡ ಹುಟ್ಟಿಸುತ್ತಿತ್ತು. ಅದಕ್ಕಾಗಿ ಭಾರತ ಮತ್ತು ಆಫ್ರಿಕಾಕ್ಕೆ ಕಳಿಸುವ ಬೇಟೆಯ ತೋಟಾಗಳಲ್ಲಿ ಮದ್ದನ್ನು ಸ್ವಲ್ಪ ಕಡಿಮೆ ಹಾಕಿ ಉಷ್ಣವಲಯದ ತುಂಬಣಿ ಎಂದು ಬೇರೆಯಾಗಿಯೇ ಮಾರುತ್ತಿದ್ದರು.

ಇಷ್ಟೆಲ್ಲ ತಲೆಕೆಡಿಸಿಕೊಳ್ಳುವುದು ಏಕೆ ಎಂದು ಓದುಗರು ಕೇಳಬಹುದು. ಒಂದು ಸಣ್ಣ ಲೆಕ್ಕ ನೋಡಿ. ಗಾಳಿಯ ತಡೆಯನ್ನು ಬದಿಗಿಟ್ಟರೆ, ಸೆಕೆಂಡಿಗೆ 800 ಮೀಟರ್ ಹೋಗುವ ಗುಂಡು 400 ಮೀಟರ್ ದಾಟಲು ಅರ್ಧ ಸೆಕೆಂಡು ತೆಗೆದುಕೊಳ್ಳುತ್ತದೆ. ಅಷ್ಟರಲ್ಲಿ ಭೂಮಿ ಅದನ್ನು 122 ಸೆಂಟಿಮೀಟರ್ ಕೆಳಕ್ಕೆ ಎಳೆದಿರುತ್ತದೆ. ವೇಗ 780ಕ್ಕೆ ಇಳಿದರೆ ಗುಂಡು ಇನ್ನೂ ಆರು ಸೆಂಟಿಮೀಟರ್ ಕೆಳಗೆ ಬೀಳುತ್ತದೆ. ದೂರ 800 ಮೀಟರ್ ಆದರೆ ಆ ವ್ಯತ್ಯಾಸ ಆರರಿಂದ ಇಪ್ಪತ್ತೈದಕ್ಕೆ ಏರುತ್ತದೆ, ಅಂದರೆ ದೂರ ಎರಡು ಪಟ್ಟಾದರೆ ತಪ್ಪು ನಾಲ್ಕು ಪಟ್ಟು. ಕೈ ನಡುಗದಿದ್ದರೂ, ಕಣ್ಣು ಸರಿಯಿದ್ದರೂ, ಮದ್ದು ಸಮನಿಲ್ಲದಿದ್ದರೆ ಗುರಿ ತಪ್ಪುತ್ತದೆ. ಅದಕ್ಕೇ ಇಂದಿನ ಗುರಿಕಾರರು ತೋಟಾಗಳನ್ನು ಒಂದೇ ಕಂತಿನಿಂದ ಆರಿಸುತ್ತಾರೆ, ಕೇಪನ್ನು ಒಂದೇ ಆಳಕ್ಕೆ ಕೂರಿಸುತ್ತಾರೆ, ತೋಟಾದ ಕುತ್ತಿಗೆ ಗುಂಡನ್ನು ಒಂದೇ ಬಿಗಿಯಲ್ಲಿ ಹಿಡಿಯುವಂತೆ ನೋಡಿಕೊಳ್ಳುತ್ತಾರೆ, ಗುಂಡನ್ನು ಒಂದೇ ಆಳಕ್ಕೆ ಒತ್ತುತ್ತಾರೆ, ಮದ್ದನ್ನು ಒಂದೊಂದಾಗಿ ತೂಗುತ್ತಾರೆ. ಅವರ ತೂಕದ ಮಾನ ಗ್ರೇನ್, ಅದರ ಹತ್ತನೆಯ ಒಂದು ಪಾಲಿನವರೆಗೂ ತೂಗುತ್ತಾರೆ. ನಮ್ಮ ಅಕ್ಕಸಾಲಿಗನ ಗುಲಗಂಜಿ ಸುಮಾರು ಎರಡು ಗ್ರೇನ್ ತೂಗುತ್ತದೆ. ಅಂದರೆ ಗುಲಗಂಜಿಯ ಇಪ್ಪತ್ತರಲ್ಲಿ ಒಂದು ಪಾಲು! ರಾಬಿನ್ಸನ ಉಯ್ಯಾಲೆಯ ಜಾಗದಲ್ಲಿ 1860ರ ದಶಕದಲ್ಲಿ ಬೆಲ್ಜಿಯಂನ ಲೆ ಬುಲಾಂಜೆಯ ವಿದ್ಯುತ್ ಯಂತ್ರ ಬಂತು, ಈಗ ಅಂಗೈಯಗಲದ ರಾಡಾರ್ ಬಂದಿದೆ. ಹತ್ತು ಗುಂಡು ಹಾರಿಸಿ ಅವುಗಳ ಸರಾಸರಿ ವೇಗ ಎಷ್ಟೆಂದು ನೋಡುವುದಕ್ಕಿಂತ, ಒಂದರಿಂದೊಂದು ಎಷ್ಟು ಚದುರಿವೆ ಎಂದು ನೋಡುವವನೇ ಜಾಣ ಗುರಿಕಾರ. ಕಡು ವೇಗ ಮುಖ್ಯವಲ್ಲ, ಸಮ ವೇಗ ಮುಖ್ಯ.

ಇದು ಬರೀ ಆಟದ ಮಾತೂ ಅಲ್ಲ. ಅರೆಬರೆ ಮದ್ದಿನ ಗುಂಡು ಪ್ರಾಣಿಯನ್ನು ಕೊಲ್ಲುವುದಿಲ್ಲ, ಗಾಯ ಮಾಡುತ್ತದೆ. ಹುಲಿಗಳು ನರಭಕ್ಷಕಗಳಾಗಲು ಗುಂಡಿನ ಗಾಯವೂ ಒಂದು ದೊಡ್ಡ ಕಾರಣವೆಂದು ಜಿಮ್ ಕಾರ್ಬೆಟ್ ಬರೆದಿದ್ದಾನೆ. ನಮ್ಮ ಕಾಡುಗಳಲ್ಲೇ ಅಲೆದ ಬೆಂಗಳೂರಿನ ಕೆನೆತ್ ಆಂಡರ್ಸನ್ನನ ಅನುಭವವೂ ಅದೇ. ಯಾರೋ ಒಬ್ಬ ರಾತ್ರಿ ಕಾವಲಿನಲ್ಲಿ ಅಂಗೈಯಲ್ಲಿ ಅಳೆದು ತುಂಬಿದ ಮದ್ದು, ಎಷ್ಟೋ ದಿನಗಳ ಮೇಲೆ ಇನ್ನೆಲ್ಲೋ ಸೌದೆಗೆ ಹೋದ ಹೆಂಗಸಿನ ಸಾವಾಗಿ ಹಿಂತಿರುಗುತ್ತಿತ್ತು. ಅಳತೆ ಹೆಚ್ಚಾದರೆ ನಳಿಗೆ ಸಿಡಿದು ಹಾರಿಸಿದವನದೇ ಬೆರಳು, ಕಣ್ಣು ಹೋಗುತ್ತಿತ್ತು.

ಆಮೇಲೆ ಬಂದದ್ದು ವೀರಪ್ಪನ್‌ನ ಕಾಲ. 1992ರ ಮೇ ತಿಂಗಳಲ್ಲಿ ರಾಮಾಪುರದ ಪೊಲೀಸ್ ಠಾಣೆಯ ಮೇಲೆ ದಾಳಿಯಾಗಿ ಬಂದೂಕುಗಳು ಲೂಟಿಯಾದವು. ಆ ಆಗಸ್ಟ್ 14ರಂದು ಮೀಣ್ಯದ ಬಳಿ ಎಸ್ಪಿ ಹರಿಕೃಷ್ಣ ಮತ್ತು ಸಬ್ ಇನ್ಸ್‌ಪೆಕ್ಟರ್ ಶಕೀಲ್ ಅಹ್ಮದ್ ಹತರಾದರು. ಒಂದೇ ಹೊಂಚಿನಲ್ಲಿ ಬಿದ್ದ ಆ ಎರಡು ಹೆಸರುಗಳನ್ನು ಈ ಸೀಮೆಯ ಜನ ಇಂದಿಗೂ ಒಟ್ಟಿಗೇ ಹೇಳುತ್ತಾರೆ. 1993ರ ಏಪ್ರಿಲ್‌ನಲ್ಲಿ ಪಾಲಾರ್ ಸ್ಫೋಟ 22 ಜನರನ್ನು ಬಲಿ ತೆಗೆದುಕೊಂಡಿತು. 2002ರಲ್ಲಿ ಮಾಜಿ ಸಚಿವ ನಾಗಪ್ಪನವರನ್ನು ಕಾಮಗೆರೆಯಿಂದ ಅಪಹರಿಸಲಾಯಿತು, ಅವರು ಜೀವಂತವಾಗಿ ಮರಳಲಿಲ್ಲ. 2004ರ ಅಕ್ಟೋಬರ್ 18ರಂದು ವೀರಪ್ಪನ್ ಹತನಾಗುವವರೆಗೆ ಇಲ್ಲಿಯ ಹಳ್ಳಿಗಳು ಎರಡು ಬಂದೂಕುಗಳ ನಡುವೆ ಸಿಕ್ಕಿದ್ದವು. ಕಾರ್ಯಾಚರಣೆಯ ಹೆಸರಲ್ಲಿ ಸೋಲಿಗರೂ ರೈತರೂ ಪಟ್ಟ ಪಾಡನ್ನು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನೇಮಿಸಿದ ನ್ಯಾಯಮೂರ್ತಿ ಸದಾಶಿವ ಅವರ ಸಮಿತಿ ವಿಚಾರಣೆ ಮಾಡಿತು. ಮದ್ದು ಎಂಬ ಶಬ್ದ ಆಡಲೂ ಜನ ಹೆದರುವಂತಾಯಿತು. ಕಾಡು ಕಾಯುವ, ಬೆಳೆ ಕಾಯುವ, ಜಾತ್ರೆಯಲ್ಲಿ ಬಾಣ ಬಿರುಸು ಬಿಡುವ ಕೈಗಳೆಲ್ಲ ಒಂದೇ ಅನುಮಾನದ ತಕ್ಕಡಿಗೆ ಬಿದ್ದವು.

ಕಾನೂನು ಈಗ ಸ್ಪಷ್ಟವಾಗಿದೆ. 1959ರ ಶಸ್ತ್ರ ಕಾಯಿದೆಯ ಪ್ರಕಾರ ಬೆಳೆ ರಕ್ಷಣೆಗೆ ಮೂತಿಯಿಂದ ತುಂಬುವ ಬಂದೂಕಿಗೆ ಪರವಾನಗಿ ಪಡೆಯಬಹುದು, ಆದರೆ ಪರವಾನಗಿಯಿಲ್ಲದೆ ಬಂದೂಕನ್ನಾಗಲಿ ತೋಟಾವನ್ನಾಗಲಿ ತಯಾರಿಸುವುದು ಅಪರಾಧ. ಬೇಟೆಯನ್ನು 1972ರ ವನ್ಯಜೀವಿ ಕಾಯಿದೆ ನಿಲ್ಲಿಸಿತು. ಬಿಳಿಗಿರಿರಂಗನ ಬೆಟ್ಟ 2011ರಲ್ಲಿ ಹುಲಿ ರಕ್ಷಿತಾರಣ್ಯವಾಯಿತು, ಅದೇ ವರ್ಷ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕೂ ಸಿಕ್ಕಿತು. ಇದು ಸರಿಯಾದದ್ದೇ. ನಾಡ ಬಂದೂಕಿನ ಕಾಲ ಮರಳಲಿ ಎಂದು ನಾವು ಹೇಳುತ್ತಿಲ್ಲ. ಆ ಕಸುಬಿನ ಜೊತೆಗಿದ್ದ ತಿಳಿವಳಿಕೆ ಬರಹಕ್ಕೆ ಇಳಿಯದೆ ಮುಗಿದುಹೋಗುತ್ತಿದೆ ಎಂಬುದಷ್ಟೇ ನಮ್ಮ ಚಿಂತೆ. ಕಬ್ಬಿಣವನ್ನು ಎಷ್ಟು ಕಾಯಿಸಿ ನಳಿಗೆ ಸುತ್ತುತ್ತಿದ್ದರು, ಯಾವ ಮರದ ಇದ್ದಿಲನ್ನು ಒಳ್ಳೆಯದೆನ್ನುತ್ತಿದ್ದರು ಎಂದು ಹೇಳಬಲ್ಲ ಹಿರಿಯರು ಕಡಿಮೆಯಾಗುತ್ತಿದ್ದಾರೆ. ಅವರ ಬಳಿ ಕುಳಿತು ಬರೆದುಕೊಳ್ಳುವ ಒಬ್ಬ ಬುಕಾನನ್ ಇಂದು ನಮ್ಮೊಳಗಿನವನೇ ಆಗಿರಬೇಕಿತ್ತು.

2015ರಲ್ಲಿ ಸರ್ಕಾರ ಟಿಪ್ಪು ಜಯಂತಿ ಆರಂಭಿಸಿತು, 2019ರಲ್ಲಿ ಇನ್ನೊಂದು ಸರ್ಕಾರ ರದ್ದು ಮಾಡಿತು. ನಡುವಿನ ನಾಲ್ಕು ವರ್ಷ ಮೆರವಣಿಗೆ, ಘೋಷಣೆ, ಬಂದೋಬಸ್ತು, ಕಲ್ಲು. ನಗರದ ಬಾವಿಯಿಂದ ಸಾವಿರ ಕೊಳವೆ ಮೇಲೆದ್ದು ಬಂದದ್ದು ಆ ಗದ್ದಲದ ನಡುವೆಯೇ. ಎರಡೂ ಕಡೆಯವರಲ್ಲಿ ಎಷ್ಟು ಮಂದಿ ಹೋಗಿ ಆ ಕೊಳವೆಗಳ ಗೋಡೆಯ ದಪ್ಪ ಒಂದೇ ಸಮನಿದೆಯೇ ಎಂದು ನೋಡಿದರು? ನೋಡಿದ್ದರೆ ಹೊಗಳುವವರಿಗೆ ಆ ಕಮ್ಮಾರರ ಜಾತಿ, ಹೆಸರು, ಕೂಲಿ ಕೇಳಬೇಕೆನ್ನಿಸುತ್ತಿತ್ತು. ಬೈಯುವವರಿಗೆ ತಮ್ಮದೇ ಊರಿನ ಕೈಗಳು ಕಾಣುತ್ತಿದ್ದವು. ಮದ್ದಿನ ವಿಷಯದಲ್ಲಿ ಇನ್ನೂರೈವತ್ತು ವರ್ಷ ಕಲಿತದ್ದು ಇಷ್ಟೇ. ಸದ್ದು ದೊಡ್ಡದಾದ ಮಾತ್ರಕ್ಕೆ ಗುಂಡು ಗುರಿ ಮುಟ್ಟುವುದಿಲ್ಲ. ಚರಿತ್ರೆಯ ವಿಷಯದಲ್ಲಿ ನಾವಿನ್ನೂ ಅದನ್ನು ಕಲಿಯಬೇಕಾಗಿದೆ.